ಸಚಿವರೇ, ವಿಶ್ವವಿದ್ಯಾಲಯಗಳಿಗೆ ಮೊದಲು ಮೇಷ್ಟ್ರುಗಳನ್ನು ಕೊಡಿ

ಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು ಹಾಗೂ ರಾಜ್ಯ ವಿಶ್ವವಿದ್ಯಾಲಯಗಳ ಸಮಕುಲಾಧಿಪತಿಗಳು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಖಾಲಿ ಬಿದ್ದಿರುವ ಬೋಧಕ ಹುದ್ದೆಗಳು, ಅತಿಥಿ ಉಪನ್ಯಾಸಕರ ಸ್ಥಿತಿ ಮತ್ತು ಪಿಂಚಣಿ ಕುರಿತು.

ಮಾನ್ಯರೇ,

ನಮಸ್ಕಾರ. ನಾನು ರಾಜ್ಯದ ಒಂದು ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತಿ ಹೊಂದಿದ ಅಧ್ಯಾಪಕ. ವಿಶ್ವವಿದ್ಯಾಲಯದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನನ್ನ ಕಿರಿಯ ಸಹೋದ್ಯೋಗಿಗಳು ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದಾರೆ, ಅವರಿಗೆ ತೊಂದರೆ ಆಗಬಾರದು. ಅದೂ ಅಲ್ಲದೆ, ನಾನು ಹೇಳುವ ಮಾತು ಒಂದೇ ಕ್ಯಾಂಪಸ್ಸಿನದ್ದಲ್ಲ. ಮೈಸೂರಿನಿಂದ ಕಲಬುರಗಿವರೆಗೆ ಯಾವ ಹಳೆಯ ವಿಭಾಗಕ್ಕೆ ಹೋಗಿ ಕೇಳಿದರೂ ಇದೇ ಕಥೆ ಕೇಳಿಸುತ್ತದೆ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮಂಜೂರಾದ ಬೋಧಕ ಹುದ್ದೆಗಳನ್ನು ಭರ್ತಿ ಮಾಡಿ. ಹೊಸ ಕಟ್ಟಡ, ಹೊಸ ಕೋರ್ಸು, ಹೊಸ ಪೋರ್ಟಲ್, ಹೊಸ ವಿಶ್ವವಿದ್ಯಾಲಯ ಎಲ್ಲವೂ ಆಮೇಲೆ ಬರಲಿ. ಪಾಠ ಮಾಡುವವರು, ಸಂಶೋಧನೆ ಮಾಡಿಸುವವರು ಇಲ್ಲದೆ ಅವು ಯಾವುದೂ ನಿಲ್ಲುವುದಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ವಿಭಾಗದಲ್ಲಿ ಸಸ್ಯ ವರ್ಗೀಕರಣಕ್ಕೆ ಒಬ್ಬರು, ಶಿಲೀಂಧ್ರಗಳಿಗೆ ಒಬ್ಬರು, ತಳಿಶಾಸ್ತ್ರಕ್ಕೆ ಒಬ್ಬರು, ಸಸ್ಯಗಳ ಶರೀರಕ್ರಿಯೆಗೆ ಒಬ್ಬರು ಇದ್ದರು. ಜೊತೆಗೆ ನನ್ನಂಥ ಕಿರಿಯರೂ ಇದ್ದೆವು. ಒಬ್ಬರಿಗೊಬ್ಬರು ಒಪ್ಪುತ್ತಿರಲಿಲ್ಲ. ಸೆಮಿನಾರಿನಲ್ಲಿ ಜೋರು ಜಗಳವೇ ಆಗುತ್ತಿತ್ತು. ಆ ಜಗಳ ಕೇಳಿ ಕೇಳಿಯೇ ವಿದ್ಯಾರ್ಥಿಗಳು ಪ್ರಶ್ನೆ ಕೇಳುವುದನ್ನು ಕಲಿತರು. ಆಮೇಲೆ ಒಬ್ಬೊಬ್ಬರೇ ನಿವೃತ್ತರಾದರು. ಹಾರ ಹಾಕಿ ಬೀಳ್ಕೊಟ್ಟೆವು. ಅವರ ಕುರ್ಚಿಗೆ ಬೇರೆಯವರು ಬರಲಿಲ್ಲ. 'ಹಣಕಾಸು ಇಲಾಖೆಯ ಒಪ್ಪಿಗೆ ಬಂದಿಲ್ಲ' ಎಂಬ ಮಾತನ್ನು ನಾನು ಸೇವೆಯ ಕೊನೆಯ ದಿನದವರೆಗೂ ಕೇಳಿದೆ. ಇವತ್ತು ಅಲ್ಲಿ ಇಬ್ಬರು ಕಾಯಂ ಅಧ್ಯಾಪಕರಿದ್ದಾರೆ. ಇಬ್ಬರೂ ನಿವೃತ್ತಿಯ ಅಂಚಿನಲ್ಲಿದ್ದಾರೆ. ಉಳಿದ ಪಾಠವೆಲ್ಲ ಅತಿಥಿ ಉಪನ್ಯಾಸಕರದ್ದು.

ಇದರಿಂದ ಏನಾಗುತ್ತದೆ ಎಂದು ಒಂದು ಕೋಣೆಯ ಮೂಲಕ ತೋರಿಸುತ್ತೇನೆ. ನಮ್ಮ ವಿಭಾಗದಲ್ಲಿ ಒಂದು ಹರ್ಬೇರಿಯಂ ಇದೆ. ಅಂದರೆ ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ ಕಬ್ಬಿಣದ ಬೀರುಗಳಲ್ಲಿ ಜೋಡಿಸಿಟ್ಟ ಸಂಗ್ರಹ. ಆಗುಂಬೆ, ಕುದುರೆಮುಖ, ಬಾಬಾಬುಡನ್‌ಗಿರಿ ಎಂದು ಪ್ರತಿ ಬ್ಯಾಚಿನ ಹುಡುಗರು ಟೂರಿಗೆ ಹೋದಾಗ ತಂದ ಗಿಡಗಳು ಅವು. ಪ್ರತಿ ಹಾಳೆಯ ಮೂಲೆಯಲ್ಲಿ ಒಂದು ಚೀಟಿ ಇರುತ್ತದೆ. ಗಿಡದ ಹೆಸರು, ಸಿಕ್ಕಿದ ಜಾಗ, ತಾರೀಖು, ತಂದವರ ಹೆಸರು ಅದರಲ್ಲಿರುತ್ತದೆ. ಘಟ್ಟದ ಒಂದು ಜಾಗದಲ್ಲಿ ಹಿಂದೆ ಯಾವ ಗಿಡ ಇತ್ತು, ಈಗ ಯಾವುದು ಕಾಣೆಯಾಗಿದೆ ಎಂದು ಹೇಳಬೇಕಾದರೆ ಈ ಚೀಟಿಯೇ ಸಾಕ್ಷಿ. ಕಾಡು ಕಡಿದ ಮೇಲೆ ಆ ಸಾಕ್ಷಿಯನ್ನು ಮತ್ತೆ ಸಂಪಾದಿಸಲು ಆಗುವುದಿಲ್ಲ.

ಹರ್ಬೇರಿಯಂ ನೋಡಿಕೊಳ್ಳುತ್ತಿದ್ದವರು ನಿವೃತ್ತರಾದ ಮೇಲೆ ಆ ಹುದ್ದೆ ಹಾಗೇ ಉಳಿಯಿತು. ಮಳೆಗಾಲಕ್ಕೆ ಮುಂಚೆ ನಾಫ್ತಲೀನ್ ಗುಳಿಗೆ ಬದಲಾಯಿಸಬೇಕು, ಹಾಳೆಗಳನ್ನು ಬಿಸಿಲಿಗೆ ಹಾಕಬೇಕು, ಹುಳು ಬಿದ್ದದ್ದನ್ನು ಬೇರೆ ಮಾಡಬೇಕು. ವರ್ಕ್‌ಲೋಡ್ ಲೆಕ್ಕದಲ್ಲಿ ಇದು ಎಲ್ಲೂ ಬರುವುದಿಲ್ಲ. ಗಂಟೆ ಲೆಕ್ಕದಲ್ಲಿ ಸಂಬಳ ಪಡೆಯುವ ಅತಿಥಿ ಉಪನ್ಯಾಸಕರಿಗೆ 'ಇದನ್ನೂ ಮಾಡಿ' ಎಂದು ಯಾವ ಬಾಯಲ್ಲಿ ಹೇಳುವುದು? ಕಳೆದ ಸಲ ಹೋಗಿ ಬೀರು ತೆಗೆದಾಗ ಹಾಳೆಯ ಮೇಲೆ ಕಂದು ಪುಡಿ ಬಿದ್ದಿತ್ತು. ಎಲೆಗಳಲ್ಲಿ ಸೂಜಿಯಲ್ಲಿ ಚುಚ್ಚಿದಂಥ ತೂತುಗಳು. ಕೆಲವು ಹಾಳೆಗಳಲ್ಲಿ ಚೀಟಿ ಮಾತ್ರ ಉಳಿದಿದೆ, ಗಿಡ ಇಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಸಚಿವರಿಗೆ ಪತ್ರವೇ ಎಂದು ಕೆಲವರಿಗೆ ಅನ್ನಿಸಬಹುದು. ಸಣ್ಣ ವಿಷಯ ಅಲ್ಲ ಎಂದು ನಮ್ಮ ರಾಜ್ಯದ ಇತಿಹಾಸವೇ ಹೇಳುತ್ತದೆ. ಮೈಸೂರಿನಲ್ಲಿ 1891ರಲ್ಲಿ ಓರಿಯಂಟಲ್ ಲೈಬ್ರರಿ ಶುರುವಾಯಿತು. ತಾಳೆಗರಿಗಳನ್ನು ಕೂಡಿಡುವುದು, ಪಟ್ಟಿ ಮಾಡುವುದು, ಓದಿ ಅಚ್ಚು ಹಾಕಿಸುವುದು ಅಲ್ಲಿನ ಕೆಲಸ. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೈಗೆ ಬಂದ ಒಂದು ತಾಳೆಗರಿ ಕಟ್ಟನ್ನು ನೋಡಿ ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಶತಮಾನಗಳಿಂದ ಹೆಸರಷ್ಟೇ ಕೇಳಿಬರುತ್ತಿದ್ದ ಗ್ರಂಥ ಜಗತ್ತಿನ ಕೈಗೆ ಸಿಕ್ಕಿತು. ಆ ಕಟ್ಟನ್ನು ಓದಬಲ್ಲ ಒಬ್ಬ ವಿದ್ವಾಂಸ ಆ ಕುರ್ಚಿಯಲ್ಲಿ ಸಂಬಳ ಪಡೆದುಕೊಂಡು, ನಿಶ್ಚಿಂತೆಯಿಂದ ಕೂತಿದ್ದರು ಎನ್ನುವುದನ್ನು ಮರೆಯಬಾರದು. ಆ ಹುದ್ದೆ ಖಾಲಿ ಇದ್ದಿದ್ದರೆ ಆ ಕಟ್ಟು ಬೇರೆ ಕಟ್ಟುಗಳ ಜೊತೆ ಕಪಾಟಿಗೆ ಹೋಗುತ್ತಿತ್ತು, ಅಷ್ಟೇ.

ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರ್ ಅರಸರು, ಸರ್ ಎಂ. ವಿಶ್ವೇಶ್ವರಯ್ಯ ದಿವಾನರು. ಬ್ರಿಟಿಷರ ನೇರ ಆಡಳಿತದ ಹೊರಗೆ ನಮ್ಮ ದೇಶದಲ್ಲಿ ಶುರುವಾದ ಮೊದಲ ವಿಶ್ವವಿದ್ಯಾಲಯ ಅದು. ಆಗ ಅವರ ಹತ್ತಿರ ದೊಡ್ಡ ಕ್ಯಾಂಪಸ್ ಇರಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಇದ್ದವು. ಅವರು ಮಾಡಿದ್ದು ಒಳ್ಳೆಯ ಮೇಷ್ಟ್ರುಗಳನ್ನು ಹುಡುಕುವ ಕೆಲಸ. 1918ರಲ್ಲಿ ಎಸ್. ರಾಧಾಕೃಷ್ಣನ್ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಮಹಾರಾಜಾ ಕಾಲೇಜಿಗೆ ಬಂದರು. 1920ರ ದಶಕದಲ್ಲಿ ಬಂಗಾಳದಿಂದ ಬ್ರಜೇಂದ್ರನಾಥ ಸೀಲರನ್ನು ಕರೆತಂದು ಕುಲಪತಿ ಮಾಡಿದರು. ಯಾವ ಊರಿನವರು ಎಂದು ನೋಡದೆ ಯೋಗ್ಯತೆ ನೋಡಿ ಕರೆದರು.

ಕುವೆಂಪು ಅವರ ವಿಷಯ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. 1929ರಲ್ಲಿ ಅವರು ಅದೇ ಮಹಾರಾಜಾ ಕಾಲೇಜಿಗೆ ಉಪನ್ಯಾಸಕರಾಗಿ ಸೇರಿದರು. ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದು, ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ, 1956ರಲ್ಲಿ ಅದೇ ವಿಶ್ವವಿದ್ಯಾಲಯದ ಕುಲಪತಿಗಳಾದರು. ಕುಕ್ಕರಹಳ್ಳಿ ಕೆರೆಯ ಪಕ್ಕದ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಅವರೇ. ಮಲೆನಾಡಿನ ಒಂದು ಹಳ್ಳಿಯ ಹುಡುಗ ಉಪನ್ಯಾಸಕನಾಗಿ ಸೇರಿ ಕುಲಪತಿಯಾಗುವಷ್ಟು ಉದ್ದದ ದಾರಿ ಆಗ ಇತ್ತು. ಇವತ್ತು ಮೂವತ್ತು ದಾಟಿದ, ಪಿಎಚ್.ಡಿ ಮುಗಿಸಿದ, ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಪಾಸಾದ ಹುಡುಗನಿಗೆ ನಮ್ಮ ವ್ಯವಸ್ಥೆಯಲ್ಲಿ ಮುಂದಿನ ಸೆಮಿಸ್ಟರಿಗೆ ಕೆಲಸ ಇದೆಯೋ ಇಲ್ಲವೋ ಎಂಬುದೇ ಗೊತ್ತಿಲ್ಲ.

ಉತ್ತರ ಕರ್ನಾಟಕದ ಕಥೆಯೂ ಹೀಗೇ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಶುರುವಾಗಿ 1950ರಲ್ಲಿ ಧಾರವಾಡಕ್ಕೆ ಬಂತು. ಗಣಿತಜ್ಞರಾದ ಡಿ.ಸಿ. ಪಾವಟೆ 1954ರಿಂದ 1967ರವರೆಗೆ ಕುಲಪತಿಗಳಾಗಿದ್ದರು. ಇವತ್ತು ನಾವು ನೋಡುವ ಗುಡ್ಡದ ಮೇಲಿನ ಕ್ಯಾಂಪಸ್ ಅವರ ಕಾಲದಲ್ಲಿ ಎದ್ದದ್ದು. ಇದು ಹದಿಮೂರು ವರ್ಷದ ಕೆಲಸ. ನಡುವೆ ಯಾರೂ ಬಂದು ಅರ್ಧಕ್ಕೆ ನಿಲ್ಲಿಸಲಿಲ್ಲ.

ಅಲ್ಲಿಂದ ಮುಂದೆ ಹೊಸ ವಿಶ್ವವಿದ್ಯಾಲಯಗಳು ಹೇಗೆ ಹುಟ್ಟಿದವು ಎಂದೂ ಸ್ವಲ್ಪ ನೋಡಿ. ಮೈಸೂರು ವಿಶ್ವವಿದ್ಯಾಲಯ 1968ರಲ್ಲಿ ಕೊಣಾಜೆಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. ಹನ್ನೆರಡು ವರ್ಷ ಅಲ್ಲಿ ಪಾಠ, ಸಂಶೋಧನೆ ನಡೆದ ಮೇಲೆ 1980ರಲ್ಲಿ ಅದು ಮಂಗಳೂರು ವಿಶ್ವವಿದ್ಯಾಲಯ ಆಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಲಬುರಗಿ ಕೇಂದ್ರ 1970ರಲ್ಲಿ ಶುರುವಾಗಿ, ಅದೂ 1980ರಲ್ಲೇ ಸ್ವತಂತ್ರ ವಿಶ್ವವಿದ್ಯಾಲಯ ಆಯಿತು. ಶಿವಮೊಗ್ಗ ಜಿಲ್ಲೆಯ ಬಿ.ಆರ್. ಪ್ರಾಜೆಕ್ಟಿನಲ್ಲಿದ್ದ ಮೈಸೂರು ವಿಶ್ವವಿದ್ಯಾಲಯದ ಕೇಂದ್ರದಿಂದ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು. ಮೊದಲು ಮೇಷ್ಟ್ರುಗಳು, ಲ್ಯಾಬು, ಲೈಬ್ರರಿ. ಬೋರ್ಡು ಆಮೇಲೆ. ತಾಯಿ ವಿಶ್ವವಿದ್ಯಾಲಯ ಸಾಕಿ ಬೆಳೆಸಿ, ಮಗು ನಡೆಯಲು ಕಲಿತ ಮೇಲೆ ಕೈ ಬಿಟ್ಟಿತು.

2023ರಲ್ಲಿ ಏನಾಯಿತು? ಚಾಮರಾಜನಗರ, ಹಾಸನ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್, ಹೀಗೆ ಏಳು ವಿಶ್ವವಿದ್ಯಾಲಯಗಳನ್ನು ಒಟ್ಟಿಗೆ ಉದ್ಘಾಟಿಸಲಾಯಿತು. ಇವುಗಳಲ್ಲೂ ಹೆಚ್ಚಿನವು ಹಿಂದಿನ ಸ್ನಾತಕೋತ್ತರ ಕೇಂದ್ರಗಳೇ. ಆದರೆ ಬೋರ್ಡು ಬದಲಾದಷ್ಟು ಬೇಗ ಬೋಧಕ ಹುದ್ದೆಗಳು ಬರಲಿಲ್ಲ. ಎರಡೇ ವರ್ಷದಲ್ಲಿ, 2025ರ ಫೆಬ್ರುವರಿಯಲ್ಲಿ, ಇವೂ ಹೊಸದಾಗಿ ಬಂದ ಬೇರೆ ಕೆಲವೂ ಸೇರಿದ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತು ಸಂಪುಟ ಉಪಸಮಿತಿಯಲ್ಲೇ ಬಂತು. ಅವುಗಳಲ್ಲಿ ಓದುತ್ತಿದ್ದ ಮಕ್ಕಳ ಗತಿ ಯೋಚಿಸಿ. ತಮ್ಮ ಡಿಗ್ರಿ ಸರ್ಟಿಫಿಕೇಟಿನ ಮೇಲೆ ಯಾವ ಹೆಸರಿರುತ್ತದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಹೊಸದನ್ನು ಮಾಡಬಾರದು ಎಂದು ನಾನು ಹೇಳುತ್ತಿಲ್ಲ. ಕೊಪ್ಪಳದ ಹುಡುಗಿ ಎಂ.ಎಸ್ಸಿಗೆ ಬಳ್ಳಾರಿಗೆ ಹೋಗಬೇಕಾದರೆ ಹಾಸ್ಟೆಲ್ ಬೇಕು, ಮನೆಯವರ ಒಪ್ಪಿಗೆ ಬೇಕು. ಹತ್ತಿರದಲ್ಲೇ ಓದು ಸಿಕ್ಕರೆ ಅವಳಿಗೆ ಒಳ್ಳೆಯದೇ ಅಲ್ವಾ? ಆದರೆ ಅವಳಿಗೆ ಸಿಗಬೇಕಾದದ್ದು ಪಾಠ. ಪಾಠಕ್ಕೆ ಜನ ಬೇಕು. ಇನ್ನೊಂದು ಕಡೆ, ಹೊಸ ವಿಶ್ವವಿದ್ಯಾಲಯ ಆದಾಗ ಆ ಜಿಲ್ಲೆಯ ಕಾಲೇಜುಗಳು ಹಳೆಯ ವಿಶ್ವವಿದ್ಯಾಲಯದ ಕೈಬಿಟ್ಟು ಹೋಗುತ್ತವೆ. ಅವುಗಳಿಂದ ಬರುತ್ತಿದ್ದ ಸಂಯೋಜನೆ ಶುಲ್ಕ, ಪರೀಕ್ಷಾ ಶುಲ್ಕವೂ ಜೊತೆಗೇ ಹೋಗುತ್ತದೆ. ನಿವೃತ್ತರ ಪಿಂಚಣಿ ಮಾತ್ರ ಹಳೆಯ ವಿಶ್ವವಿದ್ಯಾಲಯದಲ್ಲೇ ಉಳಿಯುತ್ತದೆ. ಆದಾಯ ಹೋಯಿತು, ಹೊರೆ ಉಳಿಯಿತು. ಆಮೇಲೆ ಇಲಾಖೆಯಿಂದ 'ಆಂತರಿಕ ಸಂಪನ್ಮೂಲ ಹೆಚ್ಚಿಸಿಕೊಳ್ಳಿ' ಎಂದು ಪತ್ರ ಬರುತ್ತದೆ. ಎಲ್ಲಿಂದ ಹೆಚ್ಚಿಸಿಕೊಳ್ಳುವುದು? ಮಕ್ಕಳ ಫೀಸು ಏರಿಸಿ, ಇಲ್ಲವೇ ಮೇಷ್ಟ್ರುಗಳನ್ನು ಕಡಿಮೆ ಮಾಡಿ. ನಮ್ಮಲ್ಲಿ ಎರಡೂ ನಡೆದಿದೆ.

ಪಿಂಚಣಿಯ ವಿಷಯ ಬಂದದ್ದರಿಂದ ಎರಡು ಮಾತು. ನನ್ನ ಪಿಂಚಣಿ ತಿಂಗಳ ಮೊದಲ ವಾರ ಬರುವುದು ಅಪರೂಪ. ನನಗಾದರೂ ಮಕ್ಕಳ ಆಸರೆ ಇದೆ. ನನ್ನ ಜೊತೆ ಲ್ಯಾಬ್ ಅಟೆಂಡರ್ ಆಗಿ ನಿವೃತ್ತರಾದವರೊಬ್ಬರು ತಿಂಗಳ ಕೊನೆಗೆ ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಾರೆ. ಪಿಂಚಣಿ ದುಡಿದ ಹಣ. ಅದನ್ನು ವಿಶ್ವವಿದ್ಯಾಲಯದ ಆ ತಿಂಗಳ ಖಜಾನೆಯ ಮೇಲೆ ಬಿಡಬೇಡಿ. ಸರ್ಕಾರಿ ನೌಕರರಿಗೆ ಕೊಡುವ ಹಾಗೇ ಖಜಾನೆಯಿಂದ ನೇರವಾಗಿ ಕೊಡಿ.

ಈಗ ಅತಿಥಿ ಉಪನ್ಯಾಸಕರ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ದಯವಿಟ್ಟು ಪೂರ್ತಿ ಓದಿ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಸ್ಪಷ್ಟವಾಗಿದೆ. ತೀರಾ ಅಗತ್ಯ ಬಿದ್ದಾಗ ಮಾತ್ರ ಗುತ್ತಿಗೆ ಮೇಲೆ ಅಧ್ಯಾಪಕರನ್ನು ತೆಗೆದುಕೊಳ್ಳಬೇಕು. ಅದೂ ಒಟ್ಟು ಬೋಧಕ ಹುದ್ದೆಗಳ ಶೇ 10ನ್ನು ಮೀರಬಾರದು. ನಮ್ಮ ವಿಭಾಗದಲ್ಲಿ ಲೆಕ್ಕ ತಲೆಕೆಳಗಾಗಿದೆ. ತಾತ್ಕಾಲಿಕದವರೇ ಜಾಸ್ತಿ, ಕಾಯಂ ಇರುವವರು ಬೆರಳೆಣಿಕೆ. 2025ರ ಜನವರಿಯಲ್ಲಿ ಬಂದ ಯುಜಿಸಿ ಕರಡಿನಲ್ಲಿ ಆ ಶೇ 10ರ ಮಿತಿಯನ್ನೇ ಕೈಬಿಡಲಾಗಿತ್ತು. ಕುಲಪತಿ ನೇಮಕದಲ್ಲಿ ರಾಜ್ಯದ ಹಕ್ಕು ಹೋಗುತ್ತದೆ ಎಂದು ನಮ್ಮ ಸರ್ಕಾರ ಆ ಕರಡನ್ನು ವಿರೋಧಿಸಿತು, ಬೇರೆ ರಾಜ್ಯಗಳ ಸಚಿವರನ್ನು ಬೆಂಗಳೂರಿಗೆ ಕರೆದು ಸಭೆಯನ್ನೂ ನಡೆಸಿತು. ಅದು ಸರಿಯಾದ ನಿಲುವು, ನಾನೂ ಒಪ್ಪುತ್ತೇನೆ. ಆದರೆ ರಾಜ್ಯದ ಹಕ್ಕಿನ ಬಗ್ಗೆ ಅಷ್ಟು ಗಟ್ಟಿಯಾಗಿ ಮಾತಾಡುವ ಸರ್ಕಾರ ತನ್ನ ಕೈಯಲ್ಲೇ ಇರುವ ನೇಮಕಾತಿಯನ್ನೂ ಅಷ್ಟೇ ಗಟ್ಟಿಯಾಗಿ ಮಾಡಬೇಕು.

ಹಣದ ಲೆಕ್ಕ ನೋಡಿ. ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನ 57,700 ರೂಪಾಯಿ. ಅದರ ಮೇಲೆ ಭತ್ಯೆಗಳಿವೆ. ಅತಿಥಿ ಅಧ್ಯಾಪಕರಿಗೆ ಪ್ರತಿ ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ರೂಪಾಯಿ ಎಂದು ಯುಜಿಸಿ 2019ರಲ್ಲಿ ಹೇಳಿತು. ನಾನು ನೋಡಿದ ಹಾಗೆ ನಮ್ಮ ವಿಭಾಗದಲ್ಲಿ ಆ 50,000 ಯಾರ ಕೈಗೂ ಬಂದಿಲ್ಲ. ರಜೆಯ ತಿಂಗಳಿಗೆ ಹಣ ಇಲ್ಲ. ಪರೀಕ್ಷೆಯ ತಿಂಗಳಿಗೂ ಇಲ್ಲ, ಏಕೆಂದರೆ ಆಗ ಪಾಠ ಇರುವುದಿಲ್ಲ. ಆದರೆ ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಗೆ, ಮೌಲ್ಯಮಾಪನಕ್ಕೆ, ವಿಶ್ವವಿದ್ಯಾಲಯದ ಗುಣಮಟ್ಟ ಅಳೆದು ಶ್ರೇಣಿ ಕೊಡುವ ನ್ಯಾಕ್ ತಂಡ ಬಂದಾಗ ಫೈಲು ಜೋಡಿಸುವುದಕ್ಕೆ ಅವರೇ ಬೇಕು.

ನಮ್ಮಲ್ಲಿ ಪಾಠ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ನನ್ನ ವಿದ್ಯಾರ್ಥಿನಿಯೇ. ತುಂಬಾ ಒಳ್ಳೆಯ ಮೇಷ್ಟ್ರು, ಹುಡುಗರು ಅವರ ಕ್ಲಾಸ್ ತಪ್ಪಿಸುತ್ತಿರಲಿಲ್ಲ. ಪ್ರತಿ ಸೆಮಿಸ್ಟರ್ ಮುಗಿದಾಗ ಬಿಡುಗಡೆ ಪತ್ರ ಕೊಡುತ್ತಿದ್ದರು. ಹೊಸ ಸೆಮಿಸ್ಟರಿಗೆ ಮತ್ತೆ ಅರ್ಜಿ, ಮತ್ತೆ ಸಂದರ್ಶನ, ಮತ್ತೆ ಹೊಸ ಆದೇಶ. ವರ್ಷಗಟ್ಟಲೆ ಅದೇ ಪಾಠ ಮಾಡಿದವರು ಪ್ರತಿ ಸಲವೂ ಹೊಸಬರೇ. ಅವರು ಹೆರಿಗೆಗೆ ಹೋದರು. ರಜೆ ಎಂಬುದು ಅವರ ಆದೇಶದಲ್ಲೇ ಇರಲಿಲ್ಲ. ವಾಪಸ್ ಬಂದಾಗ ವರ್ಕ್‌ಲೋಡ್ ಬೇರೆಯವರಿಗೆ ಹಂಚಿಹೋಗಿತ್ತು. ವಿಭಾಗದ ಮುಖ್ಯಸ್ಥರಿಗೆ ಮನಸ್ಸಿತ್ತು, ನಿಯಮ ಇರಲಿಲ್ಲ. ಈಗ ಅವರು ಒಂದು ಖಾಸಗಿ ಕೋಚಿಂಗ್ ಸೆಂಟರಿನಲ್ಲಿ ನೀಟ್‌ಗೆ ಜೀವಶಾಸ್ತ್ರ ಹೇಳಿಕೊಡುತ್ತಿದ್ದಾರೆ. ಜರೀಗಿಡಗಳ ಬಗ್ಗೆ ಅವರು ಶುರು ಮಾಡಿದ್ದ ಸಂಶೋಧನೆ ಅರ್ಧಕ್ಕೆ ನಿಂತಿದೆ. ಸರ್ಕಾರದ ಫೆಲೋಶಿಪ್ ಕೊಟ್ಟು ತಯಾರು ಮಾಡಿದ ಸಂಶೋಧಕಿಯನ್ನು ಸರ್ಕಾರವೇ ಸುಮ್ನೆ ಕಳೆದುಕೊಂಡಿತು.

2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪರವಾಗಿ ತೀರ್ಪು ಕೊಟ್ಟಿತು. ಅದೇ ಕೆಲಸ ಮಾಡುವವರಿಗೆ ವೇತನ ಶ್ರೇಣಿಯ ಕನಿಷ್ಠ ಮೊತ್ತವನ್ನಾದರೂ ಕೊಡಬೇಕು ಎಂದಿತು. ನಮ್ಮ ರಾಜ್ಯದ ಅತಿಥಿ ಉಪನ್ಯಾಸಕರೂ ಅದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕೇ? ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುವವರು ವಕೀಲರ ಫೀಸಿಗೆ ಸಾಲ ಮಾಡುವ ಪರಿಸ್ಥಿತಿ ಬರಬಾರದು.

ಇನ್ನೊಂದು ತೊಡಕು ಹೊರಗಿನವರಿಗೆ ಕಾಣುವುದೇ ಇಲ್ಲ. ಪಿಎಚ್.ಡಿ ಮಾರ್ಗದರ್ಶಕರಾಗಬೇಕಾದರೆ ಕಾಯಂ ಅಧ್ಯಾಪಕರಾಗಿರಬೇಕು. ಪ್ರಾಧ್ಯಾಪಕರಿಗೆ ಎಂಟು, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು ವಿದ್ಯಾರ್ಥಿಗಳು ಎಂಬುದು ಮಿತಿ. ಯುಜಿಸಿಯ 2022ರ ನಿಯಮದ ಪ್ರಕಾರ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ನಿಯಮ ಸರಿಯಾಗಿಯೇ ಇದೆ. ಆದರೆ ಕಾಯಂ ಇರುವ ಇಬ್ಬರೂ ಆ ಮೂರು ವರ್ಷದ ಒಳಗೆ ಬಂದರೆ ಆ ವಿಭಾಗದಲ್ಲಿ ಸಂಶೋಧನೆಯ ಬಾಗಿಲು ಮುಚ್ಚಿತು ಎಂದೇ ಅರ್ಥ. ಅವರು ನಿವೃತ್ತರಾಗುವವರೆಗೂ ಕಾಯಬೇಕಿಲ್ಲ. ಬಾಗಿಲು ಮುಚ್ಚಿದ ಮೇಲೆ ಕೇಂದ್ರದ ಸಂಶೋಧನಾ ಯೋಜನೆಗಳಿಗೆ ಅರ್ಜಿ ಹಾಕುವವರೂ ಇರುವುದಿಲ್ಲ, ಹಣವೂ ಬರುವುದಿಲ್ಲ. ಆಮೇಲೆ ನ್ಯಾಕ್ ಶ್ರೇಣಿ ಇಳಿಯುತ್ತದೆ. ಶ್ರೇಣಿ ಇಳಿದದ್ದನ್ನು ತೋರಿಸಿ 'ಇವರು ಕೆಲಸ ಮಾಡುವುದಿಲ್ಲ' ಎನ್ನುತ್ತಾರೆ. ಮಾನ್ಯರೇ, ಕೆಲಸ ಮಾಡಲು ಜನ ಎಲ್ಲಿದ್ದಾರೆ?

ಇರುವ ಕೆಲವರ ಸಮಯವೂ ಎಲ್ಲಿ ಹೋಗುತ್ತಿದೆ ನೋಡಿ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಎಂದು ನಾಲ್ಕು ವರ್ಷದ ಪದವಿಗೆ ಪಠ್ಯಕ್ರಮ ಬರೆದರು. 2024ರಲ್ಲಿ ಮತ್ತೆ ಮೂರು ವರ್ಷದ ಪದವಿ ಎಂದಾಗ ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಬರೆದರು. ನೀತಿ ಯಾವುದು ಸರಿ ಎಂಬ ಚರ್ಚೆ ಬೇರೆ. ಎರಡು ಸಲ ಬರೆದವರು ಅದೇ ನಾಲ್ಕು ಜನ. ಜೊತೆಗೆ ಪ್ರವೇಶ, ಪರೀಕ್ಷೆ, ಫಲಿತಾಂಶಕ್ಕೆಲ್ಲ ಬಳಸುವ ಯುಯುಸಿಎಂಎಸ್ ಪೋರ್ಟಲ್. ಅಂಕ ತುಂಬುವ ದಿನ ಸರ್ವರ್ ನಿಂತರೆ ರಾತ್ರಿ ಹನ್ನೊಂದಕ್ಕೆ ಲಾಗಿನ್ ಆಗಿ ಕೂರುತ್ತಾರೆ. ಫಲಿತಾಂಶ ತಡವಾಗಿ ಹುಡುಗರಿಗೆ ಬೇರೆ ಕಡೆ ಪ್ರವೇಶ ತಪ್ಪಿದರೆ ಬೈಗುಳ ತಿನ್ನುವವರೂ ಅವರೇ.

ನೇಮಕಾತಿ ತಡವಾಗಲು ಸರ್ಕಾರ ಕೊಟ್ಟ ಕಾರಣಗಳಲ್ಲಿ ಒಂದು ನಿಜವಾಗಿಯೂ ನ್ಯಾಯವಾದದ್ದು. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ನಿರ್ಧಾರ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು 2024ರಲ್ಲಿ ಸರ್ಕಾರ ಹೇಳಿತು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು, ಅದೇ ತಿಂಗಳು ಸಂಪುಟವೂ ತೀರ್ಮಾನ ತೆಗೆದುಕೊಂಡಿತು. ಆದರೆ ನಮ್ಮ ಖಾಲಿ ಹುದ್ದೆಗಳು ಅದಕ್ಕಿಂತ ಎಷ್ಟೋ ಹಳೆಯವು. ಇನ್ನೂ ಒಂದು ಮಾತು ಯೋಚಿಸಬೇಕು. ಹುದ್ದೆ ಖಾಲಿ ಇದ್ದರೆ ಮೀಸಲಾತಿಯೂ ಖಾಲಿಯೇ. ಕಾಯಂ ಹುದ್ದೆ ಕರೆದರೆ ಮಾತ್ರ ಮೀಸಲಾತಿ ಹಂಚುವ ರೋಸ್ಟರ್ ಸರಿಯಾಗಿ ಕೆಲಸ ಮಾಡುತ್ತದೆ, ಹಿಂದೆ ತುಂಬದೆ ಉಳಿದ ಮೀಸಲು ಹುದ್ದೆಗಳ ಬ್ಯಾಕ್‌ಲಾಗ್ ತುಂಬುತ್ತದೆ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಪ್ರಕಾರ ಸಿಗಬೇಕಾದದ್ದು ಸಿಗುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಓದಿ, ಪಿಎಚ್.ಡಿ ಮಾಡಿ ಕಾಯುತ್ತಿರುವ ಮಕ್ಕಳಿಗೆ ಈ ತಡದಿಂದ ಆಗಿರುವ ನಷ್ಟ ಎಲ್ಲರಿಗಿಂತ ಜಾಸ್ತಿ. ವಯಸ್ಸಿನ ಮಿತಿ ಅವರಿಗಾಗಿ ಕಾಯುವುದಿಲ್ಲ.

ಕಾಯಂ ಕೆಲಸದಿಂದ ಬರುವುದು ಸಂಬಳ ಮಾತ್ರ ಅಲ್ಲ, ಧೈರ್ಯವೂ ಬರುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷೆ ಮಾಡಲು ಒಂದು ಸಮಿತಿ ಮಾಡಿದರು. ಎಷ್ಟು ದೊಡ್ಡವರಿಗೆ ಸಿಟ್ಟು ಬಂದರೂ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ಮುಂದಿನ ಸೆಮಿಸ್ಟರಿನ ಆದೇಶಕ್ಕೆ ಕಾಯುವ ಉಪನ್ಯಾಸಕ ಯಾರನ್ನು ಪ್ರಶ್ನಿಸಬಲ್ಲ? ಪ್ರಶ್ನೆಪತ್ರಿಕೆ ಸೋರಿದರೆ ಹೇಳಲಾರ. ಪ್ರವೇಶದಲ್ಲಿ ಅನ್ಯಾಯವಾದರೆ ಸಹಿ ಹಾಕುವುದಿಲ್ಲ ಎನ್ನಲಾರ. ವಿದ್ಯಾರ್ಥಿನಿಯೊಬ್ಬಳು ದೂರು ತಂದರೆ ಅವಳ ಪಕ್ಕ ನಿಲ್ಲಲು ಎರಡು ಸಲ ಯೋಚಿಸುತ್ತಾನೆ. ಇದು ಅವನ ದೋಷ ಅಲ್ಲ. ಅವನನ್ನು ಆ ಸ್ಥಿತಿಯಲ್ಲಿ ಇಟ್ಟದ್ದು ನಮ್ಮ ವ್ಯವಸ್ಥೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಇವು. ಪ್ರತಿ ರಾಜ್ಯ ವಿಶ್ವವಿದ್ಯಾಲಯದ ಪ್ರತಿ ವಿಭಾಗದಲ್ಲಿ ಎಷ್ಟು ಹುದ್ದೆ ಮಂಜೂರಾಗಿದೆ, ಎಷ್ಟು ಖಾಲಿ ಇದೆ, ಯಾವ ತಾರೀಖಿನಿಂದ ಖಾಲಿ ಇದೆ ಎಂಬ ಪಟ್ಟಿಯನ್ನು ಜನರ ಮುಂದೆ ಇಡಿ. ಹಣಕಾಸು ಇಲಾಖೆಯ ಒಪ್ಪಿಗೆಯನ್ನು ಹುದ್ದೆ ಹುದ್ದೆಗೆ ಕೇಳುವ ಪದ್ಧತಿ ಬಿಟ್ಟು, ನಿವೃತ್ತಿಯಿಂದ ತೆರವಾಗುವ ಹುದ್ದೆಗಳಿಗೆ ಮೊದಲೇ ಒಪ್ಪಿಗೆ ಕೊಡಿ. ಯಾರು ಯಾವಾಗ ನಿವೃತ್ತರಾಗುತ್ತಾರೆ ಎಂಬುದು ಅವರು ಸೇರಿದ ದಿನವೇ ಗೊತ್ತಿರುತ್ತದೆ, ಕೊನೆಯ ಗಳಿಗೆಯ ಅಚ್ಚರಿ ಅದರಲ್ಲಿ ಏನೂ ಇಲ್ಲ. ಕಾಯಂ ಅಧ್ಯಾಪಕರೆಲ್ಲ ನಿವೃತ್ತಿಯ ಮೂರು ವರ್ಷದ ಒಳಗೆ ಬಂದಿರುವ ವಿಭಾಗಗಳನ್ನು ಮೊದಲು ಎತ್ತಿಕೊಳ್ಳಿ. ಅವು ಮುಚ್ಚಿಹೋದರೆ ಮತ್ತೆ ತೆರೆಯುವುದು ತುಂಬಾ ಕಷ್ಟ. ಗ್ರಂಥಪಾಲಕರು, ಕ್ಯುರೇಟರ್, ಲ್ಯಾಬ್ ಸಿಬ್ಬಂದಿಯ ಹುದ್ದೆಗಳನ್ನೂ ಇದೇ ಲೆಕ್ಕಕ್ಕೆ ಸೇರಿಸಿ.

ಕಾಯಂ ನೇಮಕ ಆಗುವವರೆಗೆ ಅತಿಥಿ ಉಪನ್ಯಾಸಕರಿಗೆ ಹನ್ನೆರಡು ತಿಂಗಳ ಆದೇಶ ಕೊಡಿ. ಹೆರಿಗೆ ರಜೆ ಕೊಡಿ. ತಿಂಗಳ ಹಣ ತಿಂಗಳಿಗೇ ಸಿಗಲಿ. ನೇಮಕಾತಿಯಲ್ಲಿ ಅವರ ಅನುಭವಕ್ಕೆ ಅಂಕ ಇರಲಿ, ಕಾದು ಕಾದು ವಯಸ್ಸು ಮೀರಿದವರಿಗೆ ವಿನಾಯಿತಿ ಇರಲಿ. ಸಂದರ್ಶನದಲ್ಲಿ ಹಣ, ಜಾತಿ, ಶಿಫಾರಸು ನಡೆಯುತ್ತದೆ ಎಂಬ ಮಾತು ಜನರ ಬಾಯಲ್ಲಿ ಎಷ್ಟೋ ಕಾಲದಿಂದ ಇದೆ. ಅದಕ್ಕೆ ಉತ್ತರವಾಗಿ ಬರಹದ ಪರೀಕ್ಷೆ, ವಿದ್ಯಾರ್ಥಿಗಳ ಮುಂದೆ ಒಂದು ಪಾಠ, ಎಲ್ಲ ಅಭ್ಯರ್ಥಿಗಳ ಅಂಕಗಳ ಪ್ರಕಟಣೆ, ಇವಿಷ್ಟನ್ನು ಕಡ್ಡಾಯ ಮಾಡಿ. ಒಳ್ಳೆಯವರು ಬರುತ್ತಾರೆ. ನಾನು ಅವರನ್ನು ನೋಡಿದ್ದೇನೆ, ಅವರಿಗೆ ಪಾಠ ಮಾಡಿದ್ದೇನೆ.

ಹೊಸ ವಿಶ್ವವಿದ್ಯಾಲಯಗಳ ಬಗ್ಗೆ ಇಟ್ಟುಕೊಳ್ಳುತ್ತೀರೋ ಬಿಡುತ್ತೀರೋ ಬೇಗ ಹೇಳಿ. ಇಟ್ಟುಕೊಂಡರೆ ಹುದ್ದೆ ಕೊಡಿ. ಬಿಡುವುದಾದರೆ ಹಳೆಯ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರಗಳಾಗಿ ಮಾಡಿ, ಆದರೆ ಅಲ್ಲಿನ ಒಂದು ತರಗತಿಯನ್ನೂ ಮುಚ್ಚಬೇಡಿ.

ಹಣ ಎಲ್ಲಿದೆ ಎಂದು ತಾವು ಕೇಳಬಹುದು. ಒಂದೇ ವರ್ಷದಲ್ಲಿ ಎಲ್ಲ ಹುದ್ದೆ ತುಂಬಿ ಎಂದು ನಾನು ಕೇಳುತ್ತಿಲ್ಲ. ಐದು ವರ್ಷದ ಒಂದು ಯೋಜನೆ ಮಾಡಿ, ಪ್ರತಿ ವರ್ಷ ಇಷ್ಟು ಎಂದು ಬಜೆಟ್ಟಿನಲ್ಲೇ ಬರೆಯಿರಿ. ಮುಂದೆ ಯಾವ ಸರ್ಕಾರ ಬಂದರೂ ಅದು ನಡೆಯುವಂತೆ ಮಾಡಿ. ಮುಂದಿನ ಬಜೆಟ್ ಅಧಿವೇಶನದಲ್ಲಿ ಖಾಲಿ ಹುದ್ದೆಗಳ ಪಟ್ಟಿಯನ್ನೂ ಭರ್ತಿಯ ವೇಳಾಪಟ್ಟಿಯನ್ನೂ ಸದನದಲ್ಲಿ ಮಂಡಿಸುತ್ತೀರಾ? ಇದಕ್ಕೆ ತಮ್ಮಿಂದ ಉತ್ತರ ಬೇಕು. ನನಗೆ ಪತ್ರ ಬರೆಯಬೇಕಿಲ್ಲ, ಸದನದಲ್ಲಿ ಹೇಳಿದರೆ ಸಾಕು.

ಗೌರವಗಳೊಂದಿಗೆ,
ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯವೊಂದರ ನಿವೃತ್ತ ಸಸ್ಯಶಾಸ್ತ್ರ ಪ್ರಾಧ್ಯಾಪಕ